ಅಡಗೂಲಜ್ಜಿಯ ಲೆಕ್ಕ

ನಂಬಲಾಗದ ಮಾತನ್ನು ಯಾರಾದರೂ ಆಡಿದರೆ "ಅಡಗೂಲಜ್ಜಿ ಕಥೆ ಹೇಳಬೇಡ" ಎಂದು ಬಾಯಿ ಮುಚ್ಚಿಸುವುದು ನಮ್ಮಲ್ಲಿ ರೂಢಿ. ತಡವಾಗಿ ಬಂದ ಗುಮಾಸ್ತನಿಗೆ ಸಾಹೇಬರು ಹಾಗೆನ್ನುತ್ತಾರೆ, ಸೀರೆಯ ಬೆಲೆಯನ್ನು ಅರ್ಧಕ್ಕಿಳಿಸಿ ಹೇಳಿದ ಹೆಂಡತಿಗೆ ಗಂಡ ಹಾಗೆನ್ನುತ್ತಾನೆ. ಇಷ್ಟೆಲ್ಲ ಜನರ ಬಾಯಿಗೆ ಬೀಳುವ ಈ ಅಜ್ಜಿ ಯಾರು ಎಂದು ಕೇಳಿದವರು ಮಾತ್ರ ಕಡಿಮೆ. ಅಡುವ ಕೂಳಿನಿಂದ ಹುಟ್ಟಿದ ಹೆಸರು ಅವಳದು. ದಾರಿಹೋಕರಿಗೆ ಬೇಯಿಸಿ ಹಾಕಿ, ಅವರು ಕೊಟ್ಟ ಕಾಸಿನಲ್ಲಿ ದಿನ ದೂಡುವ ಒಂಟಿ ಮುದುಕಿ. ಕಥೆಯ ರಾಜಕುಮಾರ ಅಪರಿಚಿತ ಪಟ್ಟಣಕ್ಕೆ ಬಂದಾಗ ಕುದುರೆ ಕಟ್ಟುವುದು ಅವಳ ಅಂಗಳದಲ್ಲಿ. ಅರಮನೆಯ ಹುಡುಗಿ ಏಕೆ ಮಾತು ಬಿಟ್ಟಿದ್ದಾಳೆ, ರಾಕ್ಷಸನ ಜೀವ ಏಳು ಸಮುದ್ರದಾಚೆ ಯಾವ ಗಿಳಿಯ ಗಂಟಲಲ್ಲಿದೆ ಎಂಬುದೆಲ್ಲ ಅವಳಿಗೇ ಗೊತ್ತಿರುವುದು. ಅವಳು ಹೇಳದಿದ್ದರೆ ಕಥೆ ಅಲ್ಲಿಗೇ ಮುಗಿಯಿತು. ಕೊನೆಯಲ್ಲಿ ರಾಜಕುಮಾರನಿಗೆ ಅರ್ಧ ರಾಜ್ಯ ಸಿಗುತ್ತದೆ, ಹುಡುಗಿಯೂ ಸಿಗುತ್ತಾಳೆ. ಅಜ್ಜಿ ಒಲೆಯ ಮುಂದೆ ಇದ್ದ ಹಾಗೆಯೇ ಇರುತ್ತಾಳೆ. ಅವನು ಉಂಡ ಊಟದ ದುಡ್ಡು ಕೊಟ್ಟನೋ ಇಲ್ಲವೋ, ಯಾವ ಕಥೆಯೂ ಹೇಳುವುದಿಲ್ಲ.

ಹಾರುವ ವೀರರ ಸಿನಿಮಾ, ಮಾಯಾಜಾಲದ ಪುಸ್ತಕ ಎಂದ ಕೂಡಲೇ ನನಗೆ ಈ ಅಜ್ಜಿಯ ನೆನಪಾಗುತ್ತದೆ. ಇವೆಲ್ಲ ವಿದೇಶದಿಂದ ಬಂದ ಪಿಡುಗು, ಮಕ್ಕಳು ಕೆಡುತ್ತಿದ್ದಾರೆ ಎಂದು ಮಹಿಳಾ ಸಮಾಜದ ಸಭೆಗಳಲ್ಲಿ ಗೆಳತಿಯರು ಹೇಳುವುದನ್ನು ಕೇಳಿದ್ದೇನೆ. ಅದಕ್ಕೆ ತಿರುಗಾ, ಕನ್ನಡದವರಿಗೆ ಇಂಥ ಕಲ್ಪನೆಯೇ ಇಲ್ಲ, ನಾವು ಬರೀ ಕಣ್ಣೀರಿನ ಕಥೆಯವರು ಎಂದು ಕಾಲೇಜಿಗೆ ಹೋಗುವ ಹುಡುಗರು ಹೇಳುತ್ತಾರೆ. ಎರಡೂ ಮಾತು ನನಗೆ ಒಪ್ಪಿಗೆಯಿಲ್ಲ. ನನ್ನ ತಕರಾರು ಬೇರೆಯೇ ಇದೆ.

ನಾನು ಹುಟ್ಟಿದ್ದು ಹಡಗಲಿ ತಾಲ್ಲೂಕಿನ ಮಾಗಳದಲ್ಲಿ, ತುಂಗಭದ್ರೆಯ ದಂಡೆಯ ಮೇಲೆ. ಅಲ್ಲಿ ಚಾಲುಕ್ಯರ ಕಾಲದ ಗುಡಿಯೊಂದಿದೆ. ಅಲೆಕ್ಸಾಂಡರ್ ರೀ ಎಂಬವರು ಬಳ್ಳಾರಿ ಜಿಲ್ಲೆಯ ಚಾಲುಕ್ಯ ಗುಡಿಗಳ ಮೇಲೆ 1896ರಲ್ಲಿ ಪ್ರಕಟಿಸಿದ ದೊಡ್ಡ ಪುಸ್ತಕದಲ್ಲಿ ನಮ್ಮೂರಿನ ಗುಡಿಗೂ ಜಾಗ ಸಿಕ್ಕಿದೆ. ಆನೆಯ ಸೊಂಡಿಲು, ಮೊಸಳೆಯ ಬಾಯಿ, ನವಿಲಿನ ಬಾಲ ಎಲ್ಲವನ್ನೂ ಒಂದೇ ಮೈಗೆ ಅಂಟಿಸಿದ ಮಕರ, ಕಣ್ಣು ಗುಡ್ಡೆ ಹೊರಚಾಚಿದ ಕೀರ್ತಿಮುಖ, ಈ ಭಾಗದ ಗುಡಿಗಳಲ್ಲಿ ಇವುಗಳಿಗೆ ಬರವೇ ಇಲ್ಲ. ಕುರುವತ್ತಿಯ ಮಲ್ಲಿಕಾರ್ಜುನನ ಗುಡಿಗೆ ಹೋದರೆ ಮದನಿಕೆಯರು ಕಂಬದ ಮೇಲಿನಿಂದ ಬಾಗಿ ನೋಡುತ್ತಾರೆ. ಅಕ್ಷರ ಕಲಿಯುವ ಮೊದಲೇ ನಾವು ನೋಡಿದ ಚಿತ್ರದ ಪುಸ್ತಕ ಇದು. ಒಂಬತ್ತು ನೂರು ವರ್ಷಗಳಿಂದ ಮಕರವನ್ನು ನೋಡುತ್ತಾ ಬೆಳೆದ ಊರಿನವರಿಗೆ ಕಲ್ಪನೆಯಿಲ್ಲ ಎನ್ನುವುದು ಹೇಗೆ?

ಇನ್ನು ಮೈಲಾರ. ಅದೂ ನಮ್ಮ ತಾಲ್ಲೂಕೇ. ಮಣಿಕಾಸುರ, ಮಲ್ಲಾಸುರ ಎಂಬ ರಕ್ಕಸರನ್ನು ಕೊಂದ ಮೈಲಾರಲಿಂಗನಿಗೆ ಏಳು ಕೋಟಿ ದಂಡಿತ್ತೆಂದು ನಂಬಿಕೆ. ಮಹಾರಾಷ್ಟ್ರಕ್ಕೆ ಹೋದರೆ ಅವನೇ ಖಂಡೋಬ, ತೆಲುಗು ನಾಡಿಗೆ ಹೋದರೆ ಮಲ್ಲಣ್ಣ. ಅವನ ಗೊರವರ ಉಡುಪು ನೋಡಿ: ಕರಿ ಕಂಬಳಿಯ ನಿಲುವಂಗಿ, ಕರಡಿ ಕೂದಲಿನ ಕುಲಾವಿ, ಕೈಯಲ್ಲಿ ಡಮರುಗ, ಸೊಂಟದಲ್ಲಿ ಭಂಡಾರದ ಚೀಲ. ಅಮೆರಿಕದ ಯಾವ ವೀರನ ಉಡುಪೂ ಇದರ ಮುಂದೆ ನಿಲ್ಲುವುದಿಲ್ಲ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಡೆಂಕನಮರಡಿಯ ಬಯಲಿಗೆ ಲಕ್ಷಗಟ್ಟಲೆ ಜನ ಸೇರುತ್ತಾರೆ. ದಿನಗಟ್ಟಲೆ ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನು ಏರುತ್ತಾನೆ. "ಸದ್ದಲೇ" ಎಂದು ಕೂಗಿದ ಕೂಡಲೇ ಅಷ್ಟೂ ಜನ ಉಸಿರು ಹಿಡಿದು ನಿಲ್ಲುತ್ತಾರೆ. ಒಂದೇ ಒಂದು ವಾಕ್ಯ ನುಡಿದು ಅವನು ಮೇಲಿನಿಂದ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಆ ವಾಕ್ಯ ಮಳೆಯ ಮಾತೋ, ಬೆಳೆಯ ಮಾತೋ, ರಾಜಕೀಯವೋ ಎಂದು ಊರೂರಲ್ಲಿ ವರ್ಷವಿಡೀ ಚರ್ಚೆ.

ಕಾರಣಿಕ ನಿಜವೋ ಸುಳ್ಳೋ ಎಂಬ ವಾದಕ್ಕೆ ನಾನು ಹೋಗುವುದಿಲ್ಲ. ನನ್ನ ಗಮನ ಅದರ ಕಟ್ಟಳೆಯ ಮೇಲೆ. ಮೇಲೆ ಏರುವವನು ಮೊದಲು ಹಸಿದಿರಬೇಕು. ಏರಿದವನು ಒಂದೇ ಮಾತಾಡಬೇಕು. ಆಡಿದ ಮೇಲೆ ಅಲ್ಲೇ ಕೂರುವಂತಿಲ್ಲ, ಬೀಳಲೇಬೇಕು. ಬಿದ್ದಾಗ ಹಿಡಿಯಲು ಜನ ಬೇಕು. ಶಕ್ತಿ ಎಂಬುದು ಬಿಟ್ಟಿ ಸಿಗುವ ವಸ್ತುವಲ್ಲ ಎಂದು ಇದಕ್ಕಿಂತ ಚೆನ್ನಾಗಿ ತೋರಿಸುವುದು ಕಷ್ಟ.

ಹಳೆಯ ಕಥೆಗಳಲ್ಲೆಲ್ಲ ಈ ಕಟ್ಟಳೆ ಇದೆ. ಹಿರಣ್ಯಕಶಿಪು ಹಗಲೂ ಅಲ್ಲ ಇರುಳೂ ಅಲ್ಲ, ಒಳಗೂ ಅಲ್ಲ ಹೊರಗೂ ಅಲ್ಲ ಎಂದು ವಕೀಲನ ಹಾಗೆ ವರ ಬರೆಸಿಕೊಂಡ. ಅದರ ಸಂದಿಯಲ್ಲೇ ನರಸಿಂಹ ಬಂದ. ಗಂಡಸರಿಂದ ಸಾವು ಬೇಡವೆಂದ ಮಹಿಷ, ಹೆಂಗಸನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಹನುಮಂತನ ಕಥೆಯಂತೂ ನನಗೆ ಎಲ್ಲಕ್ಕಿಂತ ಇಷ್ಟ. ಚಿಕ್ಕವನಿದ್ದಾಗ ಋಷಿಗಳಿಗೆ ಕಾಟ ಕೊಟ್ಟು, ತನ್ನ ಬಲ ತನಗೇ ಮರೆತುಹೋಗಲಿ ಎಂಬ ಶಾಪ ಪಡೆದವನು ಅವನು. ಪಕ್ಕದಲ್ಲಿ ಯಾರಾದರೂ ನೆನಪಿಸಿದರೆ ಮಾತ್ರ ಸಮುದ್ರ ಹಾರಬಲ್ಲ. ಜಾಂಬವಂತನಿಲ್ಲದಿದ್ದರೆ ದಂಡೆಯ ಮೇಲೆ ಕೂತೇ ಇರುತ್ತಿದ್ದ.

1960ರ ದಶಕದಲ್ಲಿ ನಮ್ಮೂರಿಗೆ ಟೀವಿಯ ಹೆಸರೂ ಗೊತ್ತಿರಲಿಲ್ಲ. ಬಯಲಾಟವಿತ್ತು. ಭುಜಕೀರ್ತಿ, ಎದೆಹಾರ, ಕಿರೀಟ ಕಟ್ಟಿದ ವೇಷಗಳು ಅಟ್ಟ ನಡುಗುವಂತೆ ಕುಣಿಯುತ್ತಿದ್ದವು. ಹನುಮಂತನ ಪಾತ್ರ ನೋಡಿ ಬಂದ ಮರುದಿನ ನಮ್ಮ ಓಣಿಯ ಹುಡುಗನೊಬ್ಬ ಸೊಂಟಕ್ಕೆ ಅವರವ್ವನ ಸೀರೆ ಸುತ್ತಿ, ಬಾಲ ಬಿಟ್ಟುಕೊಂಡು, ಮಾಳಿಗೆಯ ಮೇಲಿನಿಂದ ಹಾರಿದ. ಕೈ ಮುರಿಯಿತು. ನಮ್ಮ ದೊಡ್ಡವ್ವ ಅವನ ಪಕ್ಕ ಕೂತು ಅರಿಸಿನ ಅರೆಯುತ್ತಾ ಕೇಳಿದ್ದು ಒಂದೇ ಮಾತು: "ಹಾರು ಅಂತ ನಿನಗ ಯಾರ ನೆನಪಿಸಿದ್ರೋ?" ಹುಡುಗ ಅಳುತ್ತಲೇ "ಯಾರಿಲ್ಲ" ಎಂದ. "ಮತ್ತ ನೀ ಹೆಂಗ ಹನುಮಪ್ಪ ಆದಿ?" ಅವಳು ಬಯಲಾಟವನ್ನು ಬೈಯಲಿಲ್ಲ, ಹನುಮಂತ ಸುಳ್ಳು ಎನ್ನಲಿಲ್ಲ. ಕಥೆಯ ಕಟ್ಟಳೆಯನ್ನು ಪೂರ್ತಿ ಹೇಳಿದಳು, ಅಷ್ಟೆ.

1997ರಲ್ಲಿ ದೂರದರ್ಶನದಲ್ಲಿ 'ಶಕ್ತಿಮಾನ್' ಶುರುವಾದ ಮೇಲೆ, ಅವನು ಬಂದು ಕಾಪಾಡುತ್ತಾನೆಂದು ನಂಬಿ ಮಕ್ಕಳು ಅಪಾಯಕ್ಕೆ ಸಿಕ್ಕರೆಂಬ ವರದಿಗಳು ಪತ್ರಿಕೆಗಳಲ್ಲಿ ಬಂದವು. ಎಷ್ಟು ನಿಜ ಎಂಬ ಬಗ್ಗೆ ವಾದವೂ ನಡೆಯಿತು. ಕೊನೆಗೆ ಮುಕೇಶ್ ಖನ್ನಾ ಅವರೇ ಶಕ್ತಿಮಾನನ ವೇಷದಲ್ಲಿ ನಿಂತು ಮಕ್ಕಳಿಗೆ ಬುದ್ಧಿ ಹೇಳತೊಡಗಿದರು. ಆಗೆಲ್ಲ ನನಗೆ ದೊಡ್ಡವ್ವನ ನೆನಪಾಗುತ್ತಿತ್ತು. ಪರದೆಯ ವೀರನ ಪಕ್ಕದಲ್ಲಿ ಅರಿಸಿನ ಅರೆಯುವವರು ಒಬ್ಬರು ಬೇಕು ನೋಡಿ.

ಈಗ ಗಂಡಸರ ವೀರಕಥೆಗಳಲ್ಲಿ ಹೆಂಗಸರ ಪಾಡೇನು ಎಂಬುದಕ್ಕೆ ಬರುತ್ತೇನೆ. ದೂರ ಹೋಗುವುದು ಬೇಡ, ನಮ್ಮ ಬಳ್ಳಾರಿ ಸೀಮೆಯ ಕುಮಾರರಾಮನನ್ನೇ ತೆಗೆದುಕೊಳ್ಳೋಣ. ಕಂಪಿಲರಾಯನ ಮಗ, ದೆಹಲಿಯ ಸುಲ್ತಾನ ಮಹಮ್ಮದ್ ಬಿನ್ ತುಘಲಕ್‌ನ ಸೈನ್ಯದ ಎದುರು 1327ರ ಸುಮಾರಿಗೆ ಬಿದ್ದವನು. ಇತಿಹಾಸದಲ್ಲಿ ಅವನ ಬಗ್ಗೆ ಸಿಗುವುದು ಕೆಲವೇ ಸಾಲು. ಜನರ ಬಾಯಲ್ಲಿ, ನಂಜುಂಡನಂಥ ಕವಿಗಳ ಸಾಂಗತ್ಯದಲ್ಲಿ, ಬಯಲಾಟದಲ್ಲಿ ಅವನು ಬೆಳೆದು ಗಂಡುಗಲಿಯಾದ, ಕೆಲವು ಕಡೆ ದೇವರೂ ಆದ. ಒಬ್ಬ ಮನುಷ್ಯ ಹೇಗೆ ಅತಿಮಾನುಷನಾಗುತ್ತಾನೆ ಎಂದು ತಿಳಿಯಬೇಕಾದವರು ಅಮೆರಿಕಕ್ಕೆ ಹೋಗದೆ ಕುಮ್ಮಟದುರ್ಗಕ್ಕೆ ಹೋದರೂ ಸಾಕು.

ಅವನ ಕಟ್ಟಳೆ ಪರನಾರೀ ಸಹೋದರನೆಂಬುದು. ಆ ಕಟ್ಟಳೆಯ ಪರೀಕ್ಷೆಗಾಗಿ ಕಥೆಗೆ ಒಬ್ಬ ಕೆಟ್ಟ ಹೆಂಗಸು ಬೇಕಾಯಿತು. ಮುದಿ ರಾಜನ ಎಳೆಯ ಹೆಂಡತಿ ರತ್ನಾಜಿ ಸಿಕ್ಕಳು. ಚೆಂಡು ಅವಳ ಅರಮನೆಗೆ ಬೀಳುತ್ತದೆ, ತರಲು ಹೋದ ಮಲಮಗನನ್ನು ಅವಳು ಬಯಸುತ್ತಾಳೆ, ಅವನು ಒಲ್ಲೆನೆಂದಾಗ ಅವನ ಮೇಲೇ ದೂರು ಹೇಳುತ್ತಾಳೆ. ತಂದೆ ಮಗನ ತಲೆ ಕೇಳುತ್ತಾನೆ, ಮಂತ್ರಿ ಬೈಚಪ್ಪ ಅವನನ್ನು ಅಡಗಿಸಿಟ್ಟು ಉಳಿಸುತ್ತಾನೆ. ಬಯಲಾಟದಲ್ಲಿ ರತ್ನಾಜಿ ಬಂದರೆ ಹೆಂಗಸರೂ ಹಲ್ಲು ಕಡಿಯುತ್ತಿದ್ದರು. ನಮ್ಮ ದೊಡ್ಡವ್ವ ಮಾತ್ರ, "ಮುದುಕಗ ಆ ಹುಡುಗೀನ ಕೊಟ್ಟಾವ್ರು ಯಾರು, ಅದನ್ನ ಆಟದಾಗ ಯಾಕ ತೋರ್ಸಂಗಿಲ್ಲ?" ಎನ್ನುತ್ತಿದ್ದಳು. ಇನ್ನೊಂದು ತಮಾಷೆ ನೋಡಿ. ಕಥೆಯ ಕೊನೆಯಲ್ಲಿ ಸುಲ್ತಾನ ಕಳಿಸುವುದು ಮಾತಂಗಿ ಎಂಬ ಹೆಣ್ಣು ಸೇನಾನಿಯನ್ನು. ಹೆಂಗಸಿನ ಮೇಲೆ ಕೈಯೆತ್ತದ ವೀರನನ್ನು ಬೀಳಿಸಲು ಬೇರೆ ದಾರಿಯೇ ಇರಲಿಲ್ಲ. ಕಥೆ ಕಟ್ಟಿದವರು ಜಾಣರು, ಸಂಶಯವಿಲ್ಲ. ಆದರೆ ಅಂಥ ಮಾತಂಗಿ ಎಲ್ಲಿಂದ ಬಂದಳು, ಕತ್ತಿ ಯಾರಿಂದ ಕಲಿತಳು ಎಂದು ತಿಳಿಯಲು ನನಗೆ ಆಸೆ. ಅವಳದೇ ಒಂದು ಆಟ ಕಟ್ಟಬಹುದಿತ್ತು.

ಹೆಂಗಸರು ಹೆಂಗಸರಿಗೆ ಹೇಳುವ ಕಥೆಗಳ ದಾರಿಯೇ ಬೇರೆ. ಎ.ಕೆ. ರಾಮಾನುಜನ್ ಕನ್ನಡ ನಾಡಿನಲ್ಲಿ ದಶಕಗಳ ಕಾಲ ಇಂಥ ಕಥೆಗಳನ್ನು ಕೂಡಿಸಿದರು. 1993ರಲ್ಲಿ ಅವರು ತೀರಿಕೊಂಡರು. ಅವರ ಸಂಗ್ರಹ 1997ರಲ್ಲಿ ಇಂಗ್ಲಿಷಿನಲ್ಲಿ ಹೊರಬಂತು. ಅದಕ್ಕೆ ಹೆಸರು ಕೊಟ್ಟ ಕಥೆ, ಹೂವಿನ ಮರವಾಗುವ ಹುಡುಗಿಯದು. ನಿಮ್ಮಲ್ಲಿ ಹಲವರು ಕೇಳಿರುತ್ತೀರಿ, ಕೇಳದವರಿಗಾಗಿ ಹೇಳುತ್ತೇನೆ.

ಕೂಲಿ ಮಾಡಿ ಸಾಕುವ ತಾಯಿಗೆ ಇಬ್ಬರು ಹೆಣ್ಣುಮಕ್ಕಳು. ಕಿರಿಯವಳಿಗೆ ಮರವಾಗುವ ವಿದ್ಯೆ ಗೊತ್ತು. ಅಕ್ಕನಿಗೆ ಎರಡು ಬಿಂದಿಗೆ ನೀರು ತರಲು ಹೇಳುತ್ತಾಳೆ. ಉಗುರು ತಾಕದಂತೆ ಒಂದು ಬಿಂದಿಗೆ ಸುರಿದರೆ ಅವಳು ಮರ. ಕುಡಿ ಮುರಿಯದಂತೆ ಹೂ ಬಿಡಿಸಿಕೊಂಡು ಇನ್ನೊಂದು ಬಿಂದಿಗೆ ಸುರಿದರೆ ಮತ್ತೆ ಹುಡುಗಿ. ಹೂ ಮಾರಿ ಮನೆಗೆ ನಾಲ್ಕು ಕಾಸು. ರಾಜನ ಮಗ ಮದುವೆಯಾಗುತ್ತಾನೆ, ಅವನಿಗೂ ಪ್ರತಿರಾತ್ರಿ ಹೂವು ಬೇಕು. ಆಮೇಲೆ ನಾದಿನಿ ಗೆಳತಿಯರ ಎದುರು ತೋರಿಸಲು ಅವಳನ್ನು ತೋಟಕ್ಕೆ ಕರೆದೊಯ್ಯುತ್ತಾಳೆ. ಆ ಹುಡುಗಿಯರು ಕೊಂಬೆ ಮುರಿದು, ಎರಡನೆಯ ಬಿಂದಿಗೆಯನ್ನು ಹೇಗೋ ಚೆಲ್ಲಿ ಮನೆಗೆ ಓಡುತ್ತಾರೆ. ಕೈಯಿಲ್ಲ ಕಾಲಿಲ್ಲ, ಅರೆ ಹುಡುಗಿ ಅರೆ ಮೋಟುಮರವಾಗಿ ಅವಳು ಚರಂಡಿಯಲ್ಲಿ ಬೀಳುತ್ತಾಳೆ. ಎಷ್ಟೋ ಕಾಲದ ಮೇಲೆ, ಬೈರಾಗಿಯಂತೆ ಅಲೆದ ಗಂಡನಿಗೆ ಸಿಕ್ಕಾಗ, ಅವನೇ ನೀರು ಸುರಿದು ಮರ ಮಾಡಿ, ಮುರಿದ ಕೊಂಬೆಗಳನ್ನು ಒಂದೊಂದಾಗಿ ಸರಿಪಡಿಸಿ, ಇನ್ನೊಂದು ಬಿಂದಿಗೆ ಸುರಿಯುತ್ತಾನೆ.

ಈ ಕಥೆಯನ್ನು ನಮ್ಮ ಕಡೆ ಕೇಳುವುದರಲ್ಲಿ ಒಂದು ವಿಶೇಷವಿದೆ. ನಮ್ಮದು ಹೂವಿನ ಹಡಗಲಿ. ವಿಜಯನಗರದ ಕಾಲದಲ್ಲಿ ಇಲ್ಲಿಂದ ಹೂವು ಹೊಳೆಯ ಮೇಲೆ ಹಂಪಿಗೆ ಹೋಗುತ್ತಿತ್ತೆಂದು ಹೇಳುತ್ತಾರೆ. ಹಡಗಲಿ ಮಲ್ಲಿಗೆಗೆ ಈಗ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಬೆಳಗಿನ ಜಾವ ಮೊಗ್ಗು ಬಿಡಿಸುವ ಕೈಗಳು, ಅದನ್ನು ಮಾರುಗಟ್ಟಲೆ ಕಟ್ಟುವ ಬೆರಳುಗಳು ಹೆಚ್ಚಾಗಿ ಹೆಂಗಸರವೇ. ಹೂವು ಮುಡಿಯುವವರು ಬೇರೆ. ಕುಡಿ ಮುರಿಯದಂತೆ ಬಿಡಿಸು ಎಂಬ ಮಾತು ಅವರಿಗೆ ಕಲ್ಪನೆಯ ಮಾತಲ್ಲ, ದಿನದ ಕಸುಬಿನ ಮಾತು.

ಹುಡುಗಿಯ ಶಕ್ತಿ ಎಂಥದೆಂದು ಗಮನಿಸಿದಿರಾ? ಯಾರನ್ನೂ ಹೊಡೆಯುವ ಶಕ್ತಿಯಲ್ಲ. ಅದನ್ನು ಬಳಸಲು ಇನ್ನೊಬ್ಬರ ಕೈ ಬೇಕು. ಆ ಕೈ ಒರಟಾದರೆ ಮೈ ಮುರಿಯುತ್ತದೆ. ಬಸುರಿ ಬಾಣಂತಿತನ ಕಂಡ ಯಾವ ಹೆಂಗಸಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ಕಥೆಯನ್ನೇ ಹಿಡಿದು ಗಿರೀಶ ಕಾರ್ನಾಡರು 1992ರಲ್ಲಿ 'ಚೆಲುವಿ' ಎಂಬ ಹಿಂದಿ ಚಿತ್ರ ಮಾಡಿದರು. 2006ರಲ್ಲಿ ಜಾನ್ ಆಡಮ್ಸ್ ಎಂಬ ಅಮೆರಿಕದ ಸಂಗೀತಗಾರರು ಇದನ್ನು ಆಪೆರಾ ಮಾಡಿ ವಿಯೆನ್ನಾದಲ್ಲಿ ಆಡಿಸಿದರು. ಮೊಜಾರ್ಟ್ ಹುಟ್ಟಿ 250 ವರ್ಷವಾದ ಸಂಭ್ರಮಕ್ಕೆ ಕನ್ನಡದ ಕೂಲಿಯವಳ ಮಗಳ ಕಥೆ! ಅಡಗೂಲಜ್ಜಿ ಅಷ್ಟು ದೂರ ಹೋಗಿ ಬಂದ ಸುದ್ದಿ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಸಿನಿಮಾಕ್ಕೆ ಬಂದರೆ, ನಮ್ಮ ಜಿಲ್ಲೆಯವರ ಕಣ್ಣು ಎರಡು ಭಾಷೆಯದು. 1953ರ ಅಕ್ಟೋಬರ್ 1ರವರೆಗೆ ನಾವು ಮದರಾಸಿನವರು. ತೆಲುಗು ಚಿತ್ರ ನಮಗೆ ಹೊರಗಿನದು ಎನಿಸಿದ್ದೇ ಇಲ್ಲ. ಟೂರಿಂಗ್ ಟಾಕೀಸಿನ ಡೇರೆಯಲ್ಲಿ, ಪರದೆ ಕಟ್ಟಿದ ಹೆಂಗಸರ ಕಡೆ ಮರಳಿನ ಮೇಲೆ ಕೂತು ನೋಡಿದ 'ಮಾಯಾಬಜಾರ್' ಇವತ್ತಿಗೂ ನನ್ನ ಪಾಲಿಗೆ ಮಾಯಾಚಿತ್ರಗಳ ರಾಜ. 1957ರ ಚಿತ್ರ ಅದು. ಮದುವೆಯ ಊಟವನ್ನೆಲ್ಲ ಘಟೋತ್ಕಚ ಒಬ್ಬನೇ ತಿನ್ನುವಾಗ ಲಾಡುಗಳು ತಾವೇ ಎದ್ದು ಅವನ ಬಾಯಿಗೆ ಹೋಗುತ್ತವೆ. ಸಾವಿರ ಎಲೆಗೆ ಅಡುಗೆ ಮಾಡಿ ಗೊತ್ತಿದ್ದ ಹೆಂಗಸರು ಅದನ್ನು ನೋಡಿ ನಕ್ಕ ನಗು ಬೇರೆಯೇ. ಆದರೆ ನನ್ನನ್ನು ಬೆರಗುಗೊಳಿಸಿದ್ದು ಸಾವಿತ್ರಿ. ಶಶಿರೇಖೆಯ ರೂಪ ತೊಟ್ಟ ಘಟೋತ್ಕಚನಾಗಿ ಆಕೆ ನಡೆಯುವುದನ್ನು ನೋಡಬೇಕು, ಭುಜ ಬಿಗಿದು, ದಾಪುಗಾಲು ಹಾಕಿ! ಯಾವ ತಂತ್ರವೂ ಇಲ್ಲದೆ ಬರೀ ಮೈಯಿಂದ ಮಾಡಿದ ಮಾಯೆ ಅದು. ಈ ಚಿತ್ರ ತೆಗೆದ ನಾಗಿರೆಡ್ಡಿ, ಚಕ್ರಪಾಣಿ ಅವರೇ 'ಚಂದಮಾಮ' ಪತ್ರಿಕೆಯನ್ನೂ ನಡೆಸಿದವರು.

ತೆಲುಗಿನ ಮಾಯಾಚಿತ್ರಗಳ ದೊರೆಯೆನಿಸಿಕೊಂಡ ಬಿ. ವಿಠಲಾಚಾರ್ಯರು ಉಡುಪಿಯ ಕಡೆಯ ಕನ್ನಡಿಗರು, 1920ರಲ್ಲಿ ಹುಟ್ಟಿದವರು. ಅರಸೀಕೆರೆಯಲ್ಲಿ ಹೋಟೆಲು ನಡೆಸಿ, ಹಾಸನ ಜಿಲ್ಲೆಯ ಹಳ್ಳಿಗಳಲ್ಲಿ ಟೂರಿಂಗ್ ಟಾಕೀಸು ಓಡಿಸಿ, ಡಿ. ಶಂಕರಸಿಂಗ್ ಮುಂತಾದವರೊಡನೆ ಮೈಸೂರಿನಲ್ಲಿ ಮಹಾತ್ಮ ಪಿಕ್ಚರ್ಸ್ ಕಟ್ಟಿದರು. ಆ ಸಂಸ್ಥೆಯ 'ಜಗನ್ಮೋಹಿನಿ' 1951ರಲ್ಲಿ ಬಂತು. ನೂರು ದಿನ ಓಡಿದ ಮೊದಲ ಕನ್ನಡ ಚಿತ್ರ ಅದು. ಹೆಸರು ಮಹಾತ್ಮ, ಹಣ ತಂದದ್ದು ಮೋಹಿನಿ! ಆಮೇಲೆ ವಿಠಲಾಚಾರ್ಯರು ಮದರಾಸಿಗೆ ಹೋಗಿ, ಕಡಿಮೆ ದುಡ್ಡಿನಲ್ಲಿ ದೆವ್ವ, ಭೂತ, ಮಾತಾಡುವ ಪ್ರಾಣಿಗಳನ್ನು ತೋರಿಸಿ ಗೆದ್ದರು. ನಟರು ಕಾಲ್‌ಶೀಟಿಗೆ ತಕರಾರು ಮಾಡಿದರೆ ಆ ಪಾತ್ರಕ್ಕೆ ಶಾಪ ಕೊಡಿಸಿ ಗಿಳಿಯನ್ನೋ ಮೇಕೆಯನ್ನೋ ಮಾಡಿ ಚಿತ್ರ ಮುಗಿಸಿಬಿಡುತ್ತಿದ್ದರಂತೆ. ಮನೆ ನಡೆಸುವವರಿಗೆ ಈ ಉಪಾಯ ಗೊತ್ತಿದ್ದರೆ ಎಷ್ಟು ಅನುಕೂಲವಿತ್ತು ಎಂದು ನಾವು ನಕ್ಕಿದ್ದೇವೆ. 1978ರ ಅವರ ತೆಲುಗು 'ಜಗನ್ಮೋಹಿನಿ'ಯಲ್ಲಿ ದೆವ್ವವೊಂದು ಸೌದೆಯ ಬದಲು ತನ್ನ ಕಾಲನ್ನೇ ಒಲೆಗಿಟ್ಟು ಅಡುಗೆ ಮಾಡುತ್ತದೆ. ಮಕ್ಕಳು ಹೆದರಿ ಕಣ್ಣು ಮುಚ್ಚಿಕೊಂಡರೆ, ನನ್ನ ಪಕ್ಕದಲ್ಲಿದ್ದ ಸೊಸೆಯೊಬ್ಬಳು ತಣ್ಣಗೆ, "ನಾವೇನು ಬ್ಯಾರೆ ಮಾಡ್ತೀವೇನ್ರಿ ಯಕ್ಕಾ?" ಎಂದಳು. ವಿಮರ್ಶಕರು ಈ ಚಿತ್ರಗಳನ್ನು ಕೀಳೆಂದರು. ಇರಬಹುದು. ಆದರೆ ಆ ಒಲೆಯ ದೃಶ್ಯವನ್ನು ಹೆಂಗಸರು ಹೇಗೆ ಓದಿದರೆಂದು ಅವರು ಕೇಳಲಿಲ್ಲ.

ಪುಸ್ತಕಗಳ ಕಡೆ 1949ರಲ್ಲಿ ಕನ್ನಡಕ್ಕೆ ಬಂದ 'ಚಂದಮಾಮ'ನದೇ ರಾಜ್ಯ. ಶಂಕರ್ ಬಿಡಿಸಿದ ಚಿತ್ರ ಯಾರಿಗೆ ಮರೆತೀತು: ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ, ನಡೆಯುವ ವಿಕ್ರಮ. ಅಲ್ಲೂ ಕಟ್ಟಳೆ. ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಸಾವಿರ ಹೋಳು, ಹೇಳಿದರೆ ಬೇತಾಳ ಮತ್ತೆ ಮರಕ್ಕೆ. ಆ ಪತ್ರಿಕೆ 2013ರ ಸುಮಾರಿಗೆ ನಿಂತೇಹೋಯಿತು. 'ಅಮರ ಚಿತ್ರ ಕಥೆ'ಯ ಅನಂತ ಪೈ ಕಾರ್ಕಳದವರೆಂಬುದು ಗೊತ್ತಿರುವ ಸಂಗತಿ. ಆ ಮಾಲೆ ಮೊದಲು ಬಂದದ್ದು ಕನ್ನಡದಲ್ಲಿ ಎಂಬುದು ಅಷ್ಟಾಗಿ ಗೊತ್ತಿಲ್ಲ. ಬೆಂಗಳೂರಿನ ಐಬಿಎಚ್‌ನಲ್ಲಿದ್ದ ಜಿ.ಕೆ. ಅನಂತರಾಮ್ 1965ರಲ್ಲಿ ಅದಕ್ಕೆ ಕೈಹಾಕಿದರು. ಮೊದಲ ಹತ್ತು ಪುಸ್ತಕಗಳು ಸಿಂಡ್ರೆಲಾ ಮುಂತಾದ ಪಾಶ್ಚಾತ್ಯ ಕಥೆಗಳು. ನಮ್ಮ ಕೃಷ್ಣ ಬಂದದ್ದು ಹನ್ನೊಂದನೆಯವನಾಗಿ.

ಆ ಹೊತ್ತಿಗೇ 'ಸುಧಾ' ವಾರಪತ್ರಿಕೆಯಲ್ಲಿ ಫ್ಯಾಂಟಮ್ ಬರುತ್ತಿದ್ದ. ಮನೆಯಲ್ಲಿ ಗಂಡಸರು ಮೊದಲು ಓದಿ, ಆಮೇಲೆ ಮಕ್ಕಳು ಕಿತ್ತಾಡಿ, ಕೊನೆಗೆ ನಮ್ಮ ಕೈಗೆ ಸಿಗುವಷ್ಟರಲ್ಲಿ ಹಾಳೆ ಮುದುಡಿರುತ್ತಿತ್ತು. 1936ರಲ್ಲಿ ಲೀ ಫಾಕ್ ಸೃಷ್ಟಿಸಿದ ಈ ಮುಖವಾಡದವನ ಕಥೆಗಳು ಓದಲು ಸೊಗಸು. ಆದರೆ ಕಾಡಿನ ಕಪ್ಪು ಜನರೆಲ್ಲ ಒಬ್ಬ ಬಿಳಿಯ ಗಂಡಸಿಗೆ ಕೈಮುಗಿದು ನಿಲ್ಲುವುದು ನನಗೆ ಆಗಲೂ ಕಸಿವಿಸಿ, ಈಗಲೂ ಕಸಿವಿಸಿ. ಅವನ ಡಯಾನಾ ವಿಶ್ವಸಂಸ್ಥೆಯಲ್ಲಿ ಕೆಲಸ ಮಾಡುವ ಹೆಂಗಸು. 1936ರಿಂದ ಕಾದವಳಿಗೆ ಮದುವೆ ಭಾಗ್ಯ ಬಂದದ್ದು 1977ರಲ್ಲಿ. ನಮ್ಮ ಊರಿನ ಯಾವ ಬೀಗರೂ ಇಷ್ಟು ಕಾಯಿಸಿದ್ದಿಲ್ಲ.

1938ರಲ್ಲಿ ಹುಟ್ಟಿದ ಸೂಪರ್‌ಮ್ಯಾನ್ ವಲಸೆ ಬಂದ ಯಹೂದಿ ಮನೆಗಳ ಇಬ್ಬರು ತರುಣರ ಕನಸು. ಬೇರೆ ಲೋಕದಿಂದ ಬಂದ ಅನಾಥ ಮಗುವನ್ನು ಹೊಲಮನೆಯ ಗಂಡಹೆಂಡತಿ ಸಾಕುವ ಭಾಗ ನನಗೆ ಬಹಳ ಇಷ್ಟ, ಅದು ಕೃಷ್ಣನ ಕಥೆಗೆ ಹತ್ತಿರ. ಆದರೆ 1978ರ ಚಿತ್ರದ ಕೊನೆಯನ್ನು ನಾನು ಒಪ್ಪಲಾರೆ. ಪ್ರೀತಿಸಿದವಳು ಸತ್ತಾಗ ಅವನು ಭೂಮಿಯ ಸುತ್ತ ಹಾರಿ ಕಾಲವನ್ನೇ ಹಿಂದಕ್ಕೆ ತಿರುಗಿಸುತ್ತಾನೆ. ಮನುಷ್ಯರ ಇತಿಹಾಸಕ್ಕೆ ಕೈಹಾಕಬಾರದೆಂದು ತಂದೆ ಹೇಳಿದ್ದ ಕಟ್ಟಳೆ ಮುರಿಯುತ್ತಾನೆ. ಅದಕ್ಕೆ ಅವನು ತೆತ್ತ ಬೆಲೆ ಏನೂ ಇಲ್ಲ. ನಮ್ಮ ಸಾವಿತ್ರಿಯೂ ಸತ್ತವನನ್ನು ಮರಳಿ ತಂದಳು. ಅವಳು ಯಮನ ಹಿಂದೆ ಕಾಲು ಸವೆಯುವಂತೆ ನಡೆದಳು, ಅವನು ಕೊಟ್ಟ ಮಾತಿನೊಳಗೇ ಅವನನ್ನು ಕಟ್ಟಿಹಾಕಿದಳು. ಅವನ ಕಾನೂನು ಮುರಿಯಲಿಲ್ಲ. ಭೂಮಿ ತಿರುಗಿಸುವುದಕ್ಕಿಂತ ಇದು ಕಷ್ಟದ ಕೆಲಸ.

ಸ್ಪೈಡರ್‌ಮ್ಯಾನ್ ಮಾತ್ರ ನನಗೆ ಮನೆಯ ಹುಡುಗನಂತೆ. 2004ರ ಎರಡನೆಯ ಚಿತ್ರದಲ್ಲಿ ಅವನಿಗೆ ಬಾಡಿಗೆ ಕಟ್ಟಲು ದುಡ್ಡಿಲ್ಲ. ವೀರನ ಉಡುಪನ್ನು ಬೇರೆ ಬಟ್ಟೆಯ ಜೊತೆ ಒಗೆಯಲು ಹಾಕಿ, ಬಿಳಿ ಬಟ್ಟೆಗೆಲ್ಲ ಬಣ್ಣ ಹಿಡಿಸಿಕೊಂಡು ನಿಲ್ಲುತ್ತಾನೆ. ಆ ದೃಶ್ಯ ನೋಡಿ ನಾನು ಮನಸಾರೆ ನಕ್ಕೆ. ಬಟ್ಟೆಯ ಬಣ್ಣ ಬಿಡುತ್ತದೆಂದು ಗೊತ್ತಿರುವ ಕಥೆಗಾರರನ್ನು ನಂಬಬಹುದು.

1941ರಲ್ಲೇ ಹುಟ್ಟಿದ ವಂಡರ್ ವುಮನ್‌ಗೆ ದೊಡ್ಡ ಪರದೆಯ ಮೇಲೆ ಅವಳದೇ ಚಿತ್ರ ಸಿಕ್ಕಿದ್ದು 2017ರಲ್ಲಿ. ಚೆನ್ನಾಗಿದೆ, ಆದರೂ ಅವಳು ಗಂಡಸರಂತೆಯೇ ಹೊಡೆದಾಡಿ ಗೆಲ್ಲುತ್ತಾಳೆ. 2025ರ ಮಲಯಾಳದ 'ಲೋಕಾ' ನನಗೆ ಹೆಚ್ಚು ಹಿಡಿಸಿತು. ಕೇರಳದ ಕಳ್ಳಿಯಂಕಾಟ್ಟು ನೀಲಿ ಎಂಬ ಯಕ್ಷಿಯ ಕಥೆಯನ್ನು ನಮ್ಮ ಬೆಂಗಳೂರಿನ ಬೀದಿಗೆ ತಂದಿದ್ದಾರೆ. ಜನ ಹೆದರುತ್ತಿದ್ದ ಹೆಂಗಸನ್ನು ಕಾಯುವವಳನ್ನಾಗಿ ಮಾಡಿದ್ದಾರೆ. ನಮ್ಮ ರತ್ನಾಜಿಗೂ ಮಾತಂಗಿಗೂ ಇಂಥ ಕಾಲ ಬಂದೀತೇ ಎಂದುಕೊಂಡೆ. 2022ರ 'ಕಾಂತಾರ' ನಮ್ಮದೇ ಮಣ್ಣಿನ ದೈವವನ್ನು ತೋರಿಸಿ ದೇಶವನ್ನೆಲ್ಲ ನಡುಗಿಸಿತು. ಅದರ ಕೊನೆಯ ಭಾಗದಲ್ಲಿ ನನಗೂ ಮೈ ಜುಮ್ಮೆಂದಿತು. ಅಲ್ಲಿ ದೈವ ನಾಯಕನ ಸ್ವತ್ತಲ್ಲ, ಮೈಮೇಲೆ ಬಂದು ಹೋಗುವುದು. ಅದು ಸರಿ. ಹೆಣ್ಣಿನ ಸೊಂಟ ಚಿವುಟುವುದನ್ನು ತಮಾಷೆ ಎಂದು ತೋರಿಸಿದ್ದು ಸರಿಯಲ್ಲ.

ಕನ್ನಡದಲ್ಲಿ ಡಬ್ಬಿಂಗ್ ಬೇಡವೆಂಬ ಕಟ್ಟು 1960ರ ದಶಕದಿಂದ ಇತ್ತು. 2015ರಲ್ಲಿ ಸ್ಪರ್ಧಾ ಆಯೋಗ ಅದು ಸಲ್ಲದೆಂದ ಮೇಲೆ ಸಡಿಲವಾಯಿತು. 2022ರ ಎರಡನೆಯ 'ಅವತಾರ್' ಕನ್ನಡದಲ್ಲೂ ಬಂತು. ನೀಲಿ ಮೈಯವರು ಕನ್ನಡ ಆಡುವುದು ಮಕ್ಕಳಿಗೆ ಒಳ್ಳೆಯದೇ. ಆದರೆ ಆಮದಾದ ಮಾಯೆಗೆ ಕನ್ನಡ ಕಲಿಸುವಷ್ಟು ಉತ್ಸಾಹ, ಇಲ್ಲೇ ಇರುವ ಮಾಯೆಯನ್ನು ಬರೆದಿಡುವುದರಲ್ಲಿ ಕಾಣುವುದಿಲ್ಲ.

ರಾಮಾನುಜನ್ ಕೂಡಿಸಿದ ಇನ್ನೊಂದು ಕನ್ನಡ ಕಥೆಯಿದೆ. ಒಬ್ಬ ಹೆಂಗಸಿಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು. ಅವಳು ಯಾರಿಗೂ ಹೇಳಲಿಲ್ಲ, ಹಾಡಲಿಲ್ಲ. ಒಳಗೆ ಉಸಿರುಗಟ್ಟಿದ ಅವು ಒಂದು ದಿನ ಅವಳು ಬಾಯಿ ತೆರೆದು ಮಲಗಿದ್ದಾಗ ಹೊರಬಿದ್ದು, ಒಂದು ಜೋಡಿ ಚಪ್ಪಲಿಯಾಯಿತು, ಇನ್ನೊಂದು ಗಂಡಸಿನ ಅಂಗಿಯಾಯಿತು. ಗಂಡ ಬಂದು ನೋಡಿ, ಯಾರು ಬಂದಿದ್ದರೆಂದು ಜಗಳ ತೆಗೆದ. ಅವನಿಗೆ ನಿಜ ತಿಳಿದದ್ದು ರಾತ್ರಿ ಹನುಮಪ್ಪನ ಗುಡಿಯಲ್ಲಿ ದೀಪಗಳು ಮಾತಾಡಿಕೊಳ್ಳುವುದನ್ನು ಕೇಳಿದಾಗ. ಮನೆಗೆ ಬಂದು ಹೆಂಡತಿಯನ್ನು ಕಥೆ ಕೇಳಿದರೆ, ಅವಳು ಯಾವ ಕಥೆ, ಯಾವ ಹಾಡು ಎಂದಳು.

ಮೊಗ್ಗು ಕಟ್ಟುತ್ತಾ ದೊಡ್ಡವ್ವ ಹೇಳುತ್ತಿದ್ದ ಕಥೆಗಳನ್ನು ನಾನು ಒಂದು ದಪ್ಪ ನೋಟುಪುಸ್ತಕದಲ್ಲಿ ಬರೆಯುತ್ತಿದ್ದೇನೆ. ಹಗಲು ಕಥೆ ಹೇಳಿದರೆ ದಾರಿಹೋಕರು ದಾರಿ ತಪ್ಪುತ್ತಾರೆಂದು ಅವಳು ದೀಪ ಹಚ್ಚಿದ ಮೇಲೆಯೇ ಶುರು ಮಾಡುತ್ತಿದ್ದಳು. ನಾನೂ ಸಂಜೆಯೇ ಬರೆಯುತ್ತೇನೆ. ಈವರೆಗೆ ಹದಿನಾಲ್ಕು ಆಗಿವೆ. ಏಡಿಯನ್ನು ಮದುವೆಯಾದ ಹುಡುಗಿಯ ಕಥೆಗೆ ಕೊನೆ ಸಿಗುತ್ತಿಲ್ಲ. ಕೊಟ್ಟೂರಿನಲ್ಲಿರುವ ತಂಗಿಯನ್ನು ಫೋನಿನಲ್ಲಿ ಕೇಳಿದೆ. ಅವಳು, ಏಡಿ ಅಲ್ಲ ಅಕ್ಕಾ, ಆಮೆ ಅದು, ಎಂದಳು. ಹರಪನಹಳ್ಳಿಯ ಚಿಕ್ಕವ್ವನನ್ನು ಕೇಳಬೇಕು. ಆಕೆಗೆ ಎಂಬತ್ತೆಂಟು ದಾಟಿದೆ. ಬರುವ ವಾರವೇ ಹೋಗುತ್ತೇನೆ.